ಗುತ್ತೇದಾರ ಯಂಕೋಬನ ರುಮಾಲು

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಕ್ಕೆ ಮೋರಿ ಕಟ್ಟಿಸಬೇಕೆಂದು ನಿಜಾಮ ಸರಕಾರಕ್ಕೆ ಯಾವ ಪುಣ್ಯಕಾಲದಲ್ಲಿ ಹೊಳೆಯಿತೋ, ಆ ಗಳಿಗೆಯಿಂದಲೇ ಯಂಕೋಬನ ತಲೆ ತಿರುಗಲು ಮೊದಲಾಯಿತು. ಅದಕ್ಕೆ ಮುಂಚೆ ಅದು ನೆಟ್ಟಗಿತ್ತು ಎಂದೇನೂ ಅಲ್ಲ. ಆದರೆ ಬರಿದಾಗಿತ್ತು. ಕಲ್ಲು ಹೊರುವವನ ಬರಿದಾದ ತಲೆ ಎಷ್ಟು ತಿರುಗಿದರೂ ಊರಿಗೆ ಕಾಣುವುದಿಲ್ಲ. ಅದರ ಮೇಲೆ ಜರಿಯಂಚಿನ ಕೇಸರಿ ರುಮಾಲು ಬಂದು ಕೂತಿತೋ ಇಲ್ಲವೋ, ಇಡೀ ಮಸ್ಕಿಗೆ ಕಂಡಿತು.

ಮೋರಿಯ ಗುತ್ತಿಗೆ ಹಿಡಿದವನು ಸಿಂಧನೂರಿನ ದೊಡ್ಡಬಸಪ್ಪ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಯೋಚಿಸುವ ಮನುಷ್ಯ. ಗುದ್ದಲಿ ಪೂಜೆಯ ದಿನ ಸರಕಾರದ ಓವರ್ಸಿಯರ್ ಬಂದು, "ಕೂಲಿಯವರಿಗೆಲ್ಲ ಬಿಮಾ ಮಾಡಿಸೀರೇನು?" ಎಂದು ಕೇಳಿದ. ಹೈದರಾಬಾದಿನಿಂದ ಆಗಷ್ಟೇ ಹೊಸ ಕಾಯಿದೆಯೊಂದು ಇಳಿದು ಬಂದಿತ್ತು. ಕೆಲಸದ ಮೇಲೆ ಕೂಲಿಯವನ ಕೈಯೋ ಕಾಲೋ ಮುರಿದರೆ ಕೆಲಸ ಮಾಡಿಸುವವನು ಪರಿಹಾರ ಕೊಡಬೇಕು ಎಂಬುದು ಅದರ ತಾತ್ಪರ್ಯ. ಜಾಣರು ಮುಂಚೆಯೇ ವಿಮಾ ಕಂಪನಿಗೆ ಒಂದಿಷ್ಟು ಕಟ್ಟಿ ನಿಶ್ಚಿಂತೆಯಿಂದ ಮಲಗುತ್ತಿದ್ದರು. ದೊಡ್ಡಬಸಪ್ಪ ಅವರಿಗಿಂತ ಜಾಣ.

"ಯಾರಿಗೆ ಬಿಮಾ ಮಾಡಿಸ್ಲಿ ಸಾಹೇಬ್ರ? ಕಲ್ಲಿನ ಕೆಲಸದಾಗ ನಂದು ಒಂದ್ ಆಳಿಲ್ಲ. ಅದನ್ನೆಲ್ಲಾ ಒಳಗುತ್ತಿಗಿ ಕೊಟ್ಟಬಿಟ್ಟೀನಿ."

"ಯಾರಿಗೆ ಕೊಟ್ಟೀರಿ?"

ದೊಡ್ಡಬಸಪ್ಪ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸುತ್ತಲೂ ನೋಡಿದ. ಪ್ರಸಾದದ ಕೊಬ್ಬರಿ ಚೂರಿಗಾಗಿ ಕೈ ಚಾಚಿ ನಿಂತಿದ್ದ ಯಂಕೋಬ ಎದುರಿಗೆ ಕಂಡ. "ಇವ್ರಿಗೇ ರೀ" ಎಂದ.

ಆ ಸೀಮೆಯಲ್ಲಿ ಒಳಗುತ್ತಿಗೆಗೆ ಕಾಗದ ಬೇಕಿರಲಿಲ್ಲ. ನಾಲ್ಕು ಮಂದಿಯ ಎದುರಿಗೆ ರುಮಾಲು ಸುತ್ತಿ ಎಲೆ ಅಡಿಕೆ ಕೊಟ್ಟರೆ ಮಾತು ಮುಗಿಯಿತು. ಅಲ್ಲಿಂದ ಮುಂದೆ ಆ ಕೆಲಸದ ಲಾಭ, ಲುಕ್ಸಾನು, ಬೈಗುಳ ಎಲ್ಲ ರುಮಾಲಿನವನ ಪಾಲು. ಓವರ್ಸಿಯರನಿಗೆ ಸತ್ಕಾರ ಮಾಡಲೆಂದು ತಂದಿದ್ದ ರುಮಾಲನ್ನೇ ದೊಡ್ಡಬಸಪ್ಪ ಬಿಚ್ಚಿ ಯಂಕೋಬನ ತಲೆಗೆ ಸುತ್ತಿಬಿಟ್ಟ. ಯಂಕೋಬನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ತಾನು ಕಲ್ಲು ಹೊತ್ತದ್ದನ್ನು ಒಬ್ಬ ಪುಣ್ಯಾತ್ಮನಾದರೂ ಗುರುತಿಸಿದನಲ್ಲ ಎಂದು ಅವನು ತಿಳಿದ. ಅವನಿಗೆ ರುಮಾಲು ಕಂಡಿತು, ಹೊಣೆ ಕಾಣಲಿಲ್ಲ. ಹೊಣೆಗೆ ಜರಿಯಂಚು ಇರುವುದಿಲ್ಲವಲ್ಲ.

"ಇವತ್ತಿನಿಂದ ನೀವು ಗುತ್ತೇದಾರ್ರು, ತಿಳೀತಲ್ಲ?" ಎಂದ ದೊಡ್ಡಬಸಪ್ಪ. ಓವರ್ಸಿಯರನ ಟಾಂಗಾ ಮರೆಯಾಗುವವರೆಗೆ ನಗುತ್ತ ನಿಂತಿದ್ದು, ಆಮೇಲೆ, "ಲೇ ಯಂಕ್ಯಾ, ಆ ಸುಣ್ಣದ ಬುಟ್ಟಿ ಎತ್ತಲೇ, ಹೊತ್ತು ಏರಾಕತ್ತೈತಿ!" ಎಂದು ಕೂಗಿದ.

ಗುತ್ತೇದಾರ ಯಂಕೋಬ ಬುಟ್ಟಿ ಎತ್ತಿದ. ಕೂಲಿ ಮೊದಲಿನಷ್ಟೇ. ಜೊತೆಗಾರ ಶೇಕ್ಷಾವಲಿಗೆ ಎಷ್ಟೋ ಅವನಿಗೂ ಅಷ್ಟೇ. ಹೆಚ್ಚಿಗೆ ಬಂದದ್ದು ಒಂದು ಪೇಚು ಮಾತ್ರ: ರುಮಾಲಿನ ಮೇಲೆ ಕಲ್ಲು ಹೊತ್ತರೆ ರುಮಾಲು ಕೆಡುತ್ತದೆ, ರುಮಾಲು ತೆಗೆದಿಟ್ಟರೆ ಗುತ್ತೇದಾರಿಕೆ ಕೆಡುತ್ತದೆ. ಕೊನೆಗೆ ಅವನು ರುಮಾಲನ್ನು ರಸ್ತೆಯಂಚಿನ ಜಾಲಿಗಿಡಕ್ಕೆ ಎಲ್ಲರಿಗೂ ಕಾಣುವಂತೆ ಏರಿಸಿ, ಬರಿತಲೆಯ ಮೇಲೆ ಹರಕು ಬಟ್ಟೆಯ ಸಿಂಬಿ ಇಟ್ಟುಕೊಂಡು ಹಳ್ಳಕ್ಕೆ ಇಳಿಯತೊಡಗಿದ. ಸಂಜೆ ಸಿಂಬಿಯನ್ನು ಒಳಗೆ ಮುಚ್ಚಿ ಮೇಲೆ ರುಮಾಲು ಸುತ್ತಿ ಊರಿಗೆ ಹೊರಡುತ್ತಿದ್ದ. ಹಳ್ಳದ ತಗ್ಗಿನಲ್ಲಿ ಯಾರು ಕಲ್ಲು ಹೊರುತ್ತಾರೆಂದು ರಸ್ತೆಯ ಮೇಲಿನವರಿಗೆ ಕಾಣುತ್ತಿರಲಿಲ್ಲ. ಸಂತೆಗೆ ಹೋಗುವವರು ಕೆಲವರು ರುಮಾಲಿಗೆ ಮರ್ಯಾದೆ ಕೊಟ್ಟು ಜಾಲಿಗಿಡಕ್ಕೇ ಶರಣು ಮಾಡಿ ಹೋದದ್ದುಂಟು.

ಮೊದಲ ದಿನ ಮನೆಗೆ ಬಂದಾಗ ಹೆಂಡತಿ ಗದ್ದೆಮ್ಮ ಎದೆ ಹಿಡಿದುಕೊಂಡು ಓಡಿ ಬಂದಳು.

"ಅಯ್ಯ ನಮ್ಮಪ್ಪಾ! ತಲೀಗೆ ಏನ್ ಕಟ್ಯಾರ? ಕಲ್ಲು ಬಿತ್ತೇನು?"

"ಕಲ್ಲಲ್ಲ, ರುಮಾಲು. ಗುತ್ತೇದಾರ ಆಗೀನಿ."

"ಹಂಗಾರ ಕೂಲಿ ಜಾಸ್ತಿ ಕೊಡ್ತಾರೇನು?"

"ಗುತ್ತೇದಾರ್ರಿಗೆ ಎಲ್ಲೆರ ಕೂಲಿ ಇರ್ತೈತೇನು, ಹುಚ್ಚಿ!"

"ಅಯ್ಯ ಶಿವನ, ಇದ್ದದ್ದೂ ಹೋತು?" ಎಂದು ಗದ್ದೆಮ್ಮ ಒಲೆಯ ಮುಂದೆ ಹೋಗಿ ಕೂತಳು.

ಆದರೆ ಊರು ಗದ್ದೆಮ್ಮನಷ್ಟು ಒರಟಲ್ಲ. ಕಿರಾಣಿ ಅಂಗಡಿಯ ಅಮರಗುಂಡಪ್ಪ ಅಲ್ಲಿಯವರೆಗೆ ಯಂಕೋಬನಿಗೆ ಬೆಂಕಿಕಡ್ಡಿಯನ್ನೂ ಉದ್ದರಿ ಕೊಟ್ಟವನಲ್ಲ. ಈಗ ಎದ್ದು ನಿಂತು, "ಬರ್ರಿ ಗುತ್ತೇದಾರ್ರ, ಬೆಲ್ಲ ಹೊಸಾದು ಬಂದೈತಿ, ರೊಕ್ಕದ ಮಾತ್ಯಾಕ" ಎನ್ನತೊಡಗಿದ. ಯಂಕೋಬನೂ ಬೇಡ ಎನ್ನಲಿಲ್ಲ. ದೊಡ್ಡವರು ಹಾಗೆಲ್ಲ ಬೇಡ ಎನ್ನಬಾರದು.

ರುಮಾಲಿನ ಸುದ್ದಿ ಲಿಂಗಸುಗೂರಿಗೂ ಮುಟ್ಟಿತು. ಒಂದು ಭಾನುವಾರ ಲಾಲಪ್ಪ ಎಂಬ ಬಿಳಿ ಮೀಸೆಯ ಗೃಹಸ್ಥ ತನ್ನ ಮಗನಿಗೆ ಯಂಕೋಬನ ಮಗಳು ಪೀರಮ್ಮನನ್ನು ಕೇಳಲು ಬಂದ. ಹುಡುಗ ಗಿರಣಿಯಲ್ಲಿ ದುಡಿಯುತ್ತಿದ್ದ, ಒಳ್ಳೆಯವನು. ಪೀರಮ್ಮ ಬಾಗಿಲ ಸಂದಿಯಿಂದ ನೋಡಿ ತಲೆ ಕೆಳಗೆ ಹಾಕಿದಳು. ಅಂದರೆ ಒಪ್ಪಿದಳು.

"ನೀವು ಯಾವ ಉದ್ಯೋಗದಾಗ ಅದೀರಿ?" ಎಂದು ಯಂಕೋಬ ರುಮಾಲಿನ ಭಾರಕ್ಕೆ ತಕ್ಕ ದನಿಯಲ್ಲಿ ಕೇಳಿದ.

"ತಾಲೂಕದಾರ ಸಾಹೇಬ್ರ ಕಚೇರ್ಯಾಗ ನೌಕರಿ. ಬ್ಯಾಸಿಗ್ಯಾಗಂತೂ ನಾ ಒಂದಿನ ಹೋಗಲಿಲ್ಲ ಅಂದ್ರ ಸಾಹೇಬ್ರು ಕುರ್ಚೀ ಮ್ಯಾಲ ಕುಂದ್ರಂಗೇ ಇಲ್ಲ. ಕರದುಕೊಂಡ್ ಬರ್ರಿ ಲಾಲಪ್ಪನ್ನ ಅಂತಾರ."

"ನಮ್ದೂ ಹಂಗ ರೀ. ನಾ ಕೈ ಹಚ್ಚಲಿಲ್ಲ ಅಂದ್ರ ಮೋರಿ ಒಂದ್ ಕಲ್ಲು ಏರಂಗಿಲ್ಲ" ಎಂದ ಯಂಕೋಬ. ಇಬ್ಬರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಲಗ್ನ ಜ್ಯೇಷ್ಠಮಾಸಕ್ಕೆ ಎಂದು ನಿಶ್ಚಯವಾಯಿತು.

ಹೀಗೆ ಎಲ್ಲ ಸುಸೂತ್ರವಾಗಿದ್ದಾಗ ಅಟ್ಟಣಿಗೆಯ ಹಗ್ಗ ಹರಿಯಿತು. ದೊಡ್ಡಬಸಪ್ಪ ಅಗ್ಗಕ್ಕೆ ತಂದ ಹಳೆಯ ಹಗ್ಗ ಅದು. ಕಮಾನಿನ ಕಲ್ಲು ಕೂರಿಸುತ್ತಿದ್ದ ಶೇಕ್ಷಾವಲಿ ಮೇಲಿಂದ ಕೆಳಗೆ ಬಿದ್ದ. ಬಲಗಾಲು ಎರಡು ಕಡೆ ಮುರಿಯಿತು. ಯಂಕೋಬ ಮತ್ತು ಶೇಕ್ಷಾವಲಿ ಮೀಸೆ ಮೂಡುವ ಮೊದಲಿನಿಂದ ಒಂದೇ ಕಲ್ಲಿನ ಎರಡು ತುದಿ ಹಿಡಿದು ಎತ್ತಿದವರು. ಯಂಕೋಬ ರುಮಾಲು, ಸಿಂಬಿ ಎಲ್ಲ ಮರೆತು ಅವನನ್ನು ಹೊರಸಿನ ಮೇಲೆ ಹಾಕಿಸಿ, ತಾನೇ ಮಂಚದ ಮುಂದಿನ ಕಾಲಿಗೆ ಹೆಗಲು ಕೊಟ್ಟು ಎಲುಬು ಕಟ್ಟುವವನ ಮನೆಗೆ ಮುಟ್ಟಿಸಿದ. ದಾರಿಯುದ್ದಕ್ಕೂ ಅಳುತ್ತಿದ್ದವನು ಯಂಕೋಬ. ಶೇಕ್ಷಾವಲಿಯೇ, "ಸುಮ್ನಿರಲೇ, ಕಾಲು ನಂದು" ಎಂದು ಸಮಾಧಾನ ಹೇಳಿದ.

ಅಷ್ಟರಲ್ಲಿ ದೊಡ್ಡಬಸಪ್ಪನ ಸವಾರಿ ಗಾಡಿ ಬಂತು. ಅವನು ಇಳಿದವನೇ ಯಂಕೋಬನಿಗೆ ಎರಡೂ ಕೈ ಮುಗಿದ.

"ಗುತ್ತೇದಾರ್ರ, ಎಂಥಾ ಅನಾಹುತ ಆತ್ರೀ ನಿಮ್ಮ ಆಳಿಗೆ!"

ಯಂಕೋಬ ಯಾವ ಗುತ್ತೇದಾರರು ಬಂದರೆಂದು ಹಿಂದೆ ತಿರುಗಿ ನೋಡಿದ. ಹಿಂದೆ ಒಂದು ಎಮ್ಮೆ ಇತ್ತು.

ಮೂರು ಸಂತೆ ಕಳೆದರೂ ದೊಡ್ಡಬಸಪ್ಪನಿಂದ ಶೇಕ್ಷಾವಲಿಯ ಮನೆಗೆ ಒಂದು ಕಾಳು ಬರಲಿಲ್ಲ. ಶೇಕ್ಷಾವಲಿಯ ಹೆಂಡತಿ ದಾವಲ್‌ಬೀ ಯಂಕೋಬನ ಕಟ್ಟೆಗೆ ಬಂದು ನಿಂತಳು.

"ಯಂಕೋಬಣ್ಣಾ, ಸಿಂಧನೂರಿಗೆ ಹೋಗಿ ಕೇಳಿದ್ರ, ನಿಮ್ಮ ಗುತ್ತೇದಾರ್ನ ಕೇಳು ಅಂತಾನ ಆ ದೊಡ್ಡಬಸಪ್ಪ. ಗುತ್ತೇದಾರ ಅಂದ್ರ ನೀನಂತ. ಹೌದೇನಣ್ಣಾ? ನೀನೂ ನಮ್ಮಂಗ ಕೂ..."

"ಹುಶ್!" ಎಂದ ಯಂಕೋಬ. ಓಣಿಯ ಕಿವಿಗಳೆಲ್ಲ ಬಾಗಿಲಿಗೆ ಬಂದಿದ್ದವು. "ನಾ ಅದೀನಲ್ಲ ತಂಗಿ. ಗುತ್ತೇದಾರ ಇರೋದು ಯಾತಕ್ಕ?" ಎಂದು ದೊಡ್ಡದಾಗಿ ಹೇಳಿ, ಮನೆಯಲ್ಲಿದ್ದ ಜೋಳದ ಚೀಲವನ್ನು ಅವಳ ತಲೆಗೆ ಏರಿಸಿ ಕಳಿಸಿದ. ಓಣಿ ಭೇಷ್ ಎಂದಿತು. ಆ ರಾತ್ರಿ ಯಂಕೋಬನ ಮನೆಯಲ್ಲಿ ಅಂಬಲಿಯೇ ಊಟ. ಗದ್ದೆಮ್ಮ ಬೈದಳು. ದಾವಲ್‌ಬೀಗೆ ಕೊಟ್ಟದ್ದಕ್ಕಲ್ಲ, ಕೂಗಿ ಕೊಟ್ಟದ್ದಕ್ಕೆ.

ಯಾರೋ ಹೇಳಿಕೊಟ್ಟರೆಂದು ದಾವಲ್‌ಬೀ ಲಿಂಗಸುಗೂರಿನ ತಾಲೂಕದಾರ ಕಚೇರಿಗೆ ಅರ್ಜಿ ಹಾಕಿಸಿದಳು. ದೊಡ್ಡಬಸಪ್ಪ ಅಲ್ಲಿಯೂ ಗುತ್ತೇದಾರನೆಂದು ಯಂಕೋಬನ ಹೆಸರನ್ನೇ ಕೊಟ್ಟ. ಒಂದು ಮಧ್ಯಾಹ್ನ ಬಿಲ್ಲೆ ಕಟ್ಟಿದ ಚಪರಾಸಿ ಮಸ್ಕಿಗೆ ಬಂದು, ಅಮರಗುಂಡಪ್ಪನ ಅಂಗಡಿಯ ಮುಂದೆ, "ಗುತ್ತೇದಾರ ಯಂಕೋಬ ಅನ್ನವ್ರು ಯಾರು?" ಎಂದು ಕೂಗಿದ.

"ನಾನೇ!" ಎಂದು ಯಂಕೋಬ ರುಮಾಲು ಸರಿಮಾಡಿಕೊಂಡು ಮುಂದೆ ಬಂದ.

"ಶೇಕ್ಷಾವಲಿ ಕಾಲಿಗೆ ಪರಿಹಾರ ಕೊಡಬೇಕಾದಾಂವ ನೀನೇ ಏನು? ತಾಲೂಕದಾರ್ರ ಮುಂದ ಪೇಶಿ ಐತಿ, ವಿಚಾರಣಿಗೆ ಬಾ. ಕೊಡಲಿಲ್ಲಂದ್ರ ಮನಿ, ದನ ಎಲ್ಲಾ ಜಪ್ತಿ."

"ನಾನು ಅಂದ್ರ... ಪೂರಾ ನಾನಲ್ಲ..." ಎಂದ ಯಂಕೋಬ. ಚಪರಾಸಿ ಆಗಲೇ ನೋಟೀಸನ್ನು ಅವನ ಕೈಗಿಟ್ಟು, ಅಮರಗುಂಡಪ್ಪನ ಕಡಲೆ ಬುಟ್ಟಿಗೆ ಕೈ ಹಾಕಿದ್ದ.

ಮನೆಯಲ್ಲಿ ಗದ್ದೆಮ್ಮನದು ಒಂದೇ ಮಾತು. "ರುಮಾಲು ತಗದು ಬಿಸಾಕು. ಸಾಹೇಬ್ರ ಮುಂದ ನಿಂತು ನಾ ಕೂಲಿ, ಶೇಕ್ಷಾವಲಿನೂ ಕೂಲಿ, ಇಬ್ರೂ ದೊಡ್ಡಬಸಪ್ಪನ ಆಳು ಅಂತ ಹೇಳು."

"ಅದು ಲಾಲಪ್ಪ ಬೀಗ್ರ ಕಚೇರಿ! ಅಲ್ಲಿ ಕೂಲಿ ಅಂದ್ರ ಪೀರಮ್ಮನ ಲಗ್ನ ನಿಂತಂಗ."

"ಅನ್ನಲಿಲ್ಲ ಅಂದ್ರ ದಾವಲ್‌ಬೀ ಮಕ್ಕಳು ಏನ್ ತಿನ್ನಬೇಕು? ನಿನ್ನ ಜರಿಯಂಚು ತಿನ್ನಬೇಕೇನು?"

ಒಂದು ಕಡೆ ಮಗಳು, ಇನ್ನೊಂದು ಕಡೆ ಗೆಳೆಯನ ಕಾಲು. ನಡುವೆ ಯಂಕೋಬ ಬೇಯುತ್ತಿದ್ದ. ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ತಾನು ಹೇಳುವುದು ಬೇಡ, ಬೇರೆಯವರ ಬಾಯಿಂದ ಹೇಳಿಸಿದರೆ ಆಯಿತು. ನೆಟ್ಟಗೆ ಅಮರಗುಂಡಪ್ಪನ ಹತ್ತಿರ ಹೋದ.

"ಅಣ್ಣಾರ, ನಾ ಎಂಥಾಂವ ಅಂತ ನಿಮಗ ಗೊತ್ತೈತಿ. ಲಿಂಗಸುಗೂರಿಗೆ ಬಂದು ಇದ್ದದ್ದು ಇದ್ದಂಗ ಹೇಳಿಬಿಡ್ರಿ. ನನ್ನ ಮರ್ಯಾದಿ ನಿಮ್ಮ ಕೈಯಾಗೈತಿ."

'ನಾನು ಕೂಲಿ ಎಂದು ಹೇಳಿ' ಎಂಬ ಒಂದು ಮಾತು ಮಾತ್ರ ಅವನ ನಾಲಗೆಯಿಂದ ಇಳಿಯಲಿಲ್ಲ. ಅಮರಗುಂಡಪ್ಪನಿಗೆ ಎಲ್ಲ ಅರ್ಥವಾಯಿತು, ಅಂದರೆ ಪೂರ್ತಿ ತಿರುಗುಮುರುಗಾಗಿ ಅರ್ಥವಾಯಿತು. ಯಾರೋ ಹೊಟ್ಟೆಕಿಚ್ಚಿನವರು ಗುತ್ತೇದಾರರನ್ನು ಕೂಲಿ ಎಂದು ಹಗುರ ಮಾಡುತ್ತಿದ್ದಾರೆ. ಮೇಲಾಗಿ ಕೊಟ್ಟ ಬೆಲ್ಲ, ಬೇಳೆ, ಎಣ್ಣೆಯ ಉದ್ದರಿ ಎಲ್ಲ ನಿಂತದ್ದು ಆ ರುಮಾಲಿನ ಮೇಲೆಯೇ.

"ಚಿಂತಿ ಬಿಡ್ರಿ ಗುತ್ತೇದಾರ್ರ. ನಿಮ್ಮ ಮರ್ಯಾದಿ ಅಂದ್ರ ಮಸ್ಕಿ ಮರ್ಯಾದಿ" ಎಂದು ಅವನು ಎದೆ ತಟ್ಟಿಕೊಂಡ.

ಎರಡನೆಯ ಮಹಾ ಲಡಾಯಿಯ ಕಾಲ, ಪೆಟ್ರೋಲು ಇರಲಿಲ್ಲ. ಇದ್ದಿಲಿನಿಂದ ಓಡುವ ಮೋಟಾರಿನಲ್ಲಿ, ಓಡದಿದ್ದಾಗ ಇಳಿದು ನೂಕುತ್ತ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಗುತ್ತೇದಾರರ ದಂಡು ಲಿಂಗಸುಗೂರು ಮುಟ್ಟಿತು. ಶೇಕ್ಷಾವಲಿಯನ್ನು ಹಿಂದಿನ ದಿನವೇ ಎತ್ತಿನ ಗಾಡಿಯಲ್ಲಿ ತಂದು ಕಚೇರಿಯ ಬೇವಿನ ಗಿಡದ ಕೆಳಗೆ ಇಳಿಸಿದ್ದರು. ಅವನು ಯಂಕೋಬನನ್ನು ನೋಡಿ ನಕ್ಕ. ಕಾಲಿಗೆ ಬಿದಿರ ದಬ್ಬೆ ಕಟ್ಟಿಕೊಂಡು ಆ ಬಿಸಿಲಲ್ಲಿ ನಕ್ಕದ್ದು ಯಂಕೋಬನಿಗೆ ಸಹಿಸಲಾಗಲಿಲ್ಲ.

ದೊಡ್ಡಬಸಪ್ಪ ಯಂಕೋಬನನ್ನು ಗೋಡೆಯ ಮರೆಗೆ ಕರೆದ. "ನೋಡ್ರಿ ಗುತ್ತೇದಾರ್ರ, ಹೌದು ನನ್ನ ಆಳು ಅಂತ ಒಂದ್ ಮಾತು ಹೇಳ್ರಿ, ಸಾಕು. ನಿಮ್ಮ ಮನ್ಯಾಗ ಜಪ್ತಿ ಮಾಡಾಕ ಏನೈತಿ? ಎರಡು ಮಡಕಿ. ಮುಂದಿನ ಮೋರಿ ನಿಮಗ ಖರೇನ ಕೊಡ್ತೀನಿ. ಮಗಳ ಲಗ್ನಕ್ಕ ನಾ ಬಂದು ಅಕ್ಕಿಕಾಳು ಹಾಕ್ತೀನಿ, ಹೋಗ್ರಿ."

ಖರೇ ಗುತ್ತೇದಾರಿಕೆ! ಯಂಕೋಬನ ಬಾಯಲ್ಲಿ ನೀರೂರಲಿಲ್ಲ ಎಂದರೆ ಸುಳ್ಳಾದೀತು.

ಕಚೇರಿಯ ಒಳಗೆ ತಾಲೂಕದಾರ ಸಾಹೇಬರು ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಅವರ ತಲೆಯ ಮೇಲೆ ಬಟ್ಟೆಯ ದೊಡ್ಡ ಪಂಖಾ ಅತ್ತಿಂದಿತ್ತ ತೂಗುತ್ತಿತ್ತು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗಿನ ಪಡಸಾಲೆಗೆ ಹೋಗಿತ್ತು, ಎಳೆಯುವವನು ಒಳಗಿನವರಿಗೆ ಕಾಣುತ್ತಿರಲಿಲ್ಲ. ಯಂಕೋಬ ಹೆದರುತ್ತ ಒಂದೊಂದೇ ಕುರ್ಚಿಯನ್ನು ನೋಡಿದ. ಸಾಹೇಬರ ಕಾಗದಪತ್ರ ನೋಡುವ ಪೇಷ್ಕಾರ, ಕಾರಕೂನರು, ಖಜಾನೆಯವನು. ಬೀಗರ ಬಿಳಿ ಮೀಸೆ ಎಲ್ಲಿಯೂ ಇಲ್ಲ. ರಜೆ ಹಾಕಿರಬೇಕು, ದೇವರು ದೊಡ್ಡವನು ಎಂದುಕೊಂಡ.

"ಮಸ್ಕಿ ಗುತ್ತೇದಾರ ಯಂಕೋಬ, ಹಾಜರ್ ಹೈ?" ಎಂದು ಪೇಷ್ಕಾರ ಕೂಗಿದ.

ತೂಗುತ್ತಿದ್ದ ಪಂಖಾ ಒಮ್ಮೆಲೇ ನಿಂತಿತು.

"ಪಂಖಾ!" ಎಂದು ಸಾಹೇಬರು ಗುಡುಗಿದರು. ಅದು ಮತ್ತೆ ಹೊರಟಿತು.

ಮೊದಲ ಸಾಕ್ಷಿ ಅಮರಗುಂಡಪ್ಪ. ಅವನು ಕೈ ಮುಗಿದು, ಗಂಟಲು ಸರಿಮಾಡಿಕೊಂಡು, ಪ್ರವಚನಕ್ಕೆ ಕೂತವನ ಹಾಗೆ ಆರಂಭಿಸಿದ.

"ಹುಜೂರ್, ಯಂಕೋಬಪ್ಪನವ್ರು ಅಂದ್ರ ಸಣ್ಣ ಆಸಾಮಿ ಅಲ್ರೀ. ಅವ್ರ ಅಜ್ಜನೂ ಗುತ್ತೇದಾರ."

"ಅಣ್ಣಾರ, ನಮ್ಮಜ್ಜ ಕುರಿ ಕಾಯ್ತಿದ್ದ..." ಎಂದು ಯಂಕೋಬ ಪಿಸುಗುಟ್ಟಿದ.

"ಸಾವಿರ ಕುರಿ ಹುಜೂರ್! ಇವ್ರು ಕೆಲಸದ ಜಾಗಾಕ್ಕ ಬಂದ್ರ ಕೈಯಾಗ ಒಂದ್ ಹುಲ್ಲುಕಡ್ಡಿ ಹಿಡಿಯಂಗಿಲ್ಲ. ದಿನಾ ಜಾಲಿಗಿಡದ ನೆಳ್ಳಾಗ ಅವ್ರ ರುಮಾಲು ನಾ ಕಣ್ಣಾರೆ ನೋಡೀನಿ."

"ರುಮಾಲಿನ ಕೆಳಗೆ ಇವನಿದ್ದನೇನು?" ಎಂದು ಸಾಹೇಬರು ಕೇಳಿದರು.

"ರುಮಾಲು ಇದ್ದ ಮ್ಯಾಲ ಇರದೇ ಎಲ್ಲಿಗೆ ಹೋಗ್ತಾರ್ರೀ?"

ಪಂಖಾ ಈಗ ಹುರುಪಿನಿಂದ, ಕಾಗದ ಹಾರುವಷ್ಟು ಜೋರಾಗಿ ಬೀಸತೊಡಗಿತು. ದೊಡ್ಡಬಸಪ್ಪ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮುಗುಳ್ನಕ್ಕ. "ಆತಲ್ರೀ ಹುಜೂರ್. ಶೇಕ್ಷಾವಲಿ ಅವ್ರ ಆಳು, ಅವ್ರೇ ಕೊಡಬೇಕು. ನನಗೂ ಅದಕ್ಕೂ ಸಂಬಂಧ ಇಲ್ಲ."

ಕಿಟಕಿಯ ಹೊರಗೆ ಬೇವಿನ ಗಿಡದ ಕೆಳಗೆ ದಾವಲ್‌ಬೀ ಗಂಡನ ಕಾಲಿನ ಮೇಲಿನ ನೊಣ ಓಡಿಸುತ್ತಿದ್ದಳು. ಯಂಕೋಬ ಅದನ್ನು ನೋಡಿದ. ಖರೇ ಗುತ್ತೇದಾರಿಕೆ, ಲಗ್ನದ ಹಂದರ, ಬೀಗರ ಬಿಳಿ ಮೀಸೆ ಎಲ್ಲ ಅವನ ಕಣ್ಣಿನಿಂದ ಜಾರಿ ಹೋದವು.

"ಹುಜೂರ್!" ಎಂದು ಅವನು ಕಚೇರಿ ನಡುಗುವಂತೆ ಕೂಗಿದ. "ಎಲ್ಲಾ ಸುಳ್ಳರೀ! ನಾ ಗುತ್ತೇದಾರ ಅಲ್ಲ. ನಾ ಕೂಲಿ. ನಮ್ಮಪ್ಪನೂ ಕೂಲಿ. ಶೇಕ್ಷಾವಲಿಗೂ ನನಗೂ ಒಂದೇ ಕೂಲಿ, ಇಬ್ರಿಗೂ ಈ ದೊಡ್ಡಬಸಪ್ಪನೇ ಕೊಡ್ತಾನ!"

ಪಂಖಾ ಗಕ್ಕನೆ ನಿಂತಿತು. ಈ ಸಲ ಸಾಹೇಬರು ಎರಡು ಬಾರಿ ಗುಡುಗಿದರೂ ಅದು ಅಲುಗಲಿಲ್ಲ. ಅವರ ಹಣೆಯ ಮೇಲೆ ಬೆವರು ಮೂಡಿತು. ಚಪರಾಸಿ ಓಡಿ ಹೋಗಿ ಗೋಡೆಗೆ ಗುದ್ದಿದ ಮೇಲೆ ಹಗ್ಗ ಮೆಲ್ಲಗೆ, ನಿಟ್ಟುಸಿರು ಬಿಟ್ಟಂತೆ ಕದಲಿತು.

ಆದರೆ ಯಂಕೋಬನನ್ನು ಯಾರೂ ನಂಬಲಿಲ್ಲ. "ದೊಡ್ಡವ್ರು ಹಿಂಗೇ ರೀ, ತಮ್ಮನ್ನ ತಾವು ಸಣ್ಣವ್ರು ಅಂತಾರ" ಎಂದ ಅಮರಗುಂಡಪ್ಪ. ಯಂಕೋಬ ದಡ್ಡುಗಟ್ಟಿದ ಅಂಗೈಗಳನ್ನು ಮೇಜಿನ ಮುಂದೆ ಚಾಚಿದ. "ನೋಡ್ರಿ ಹುಜೂರ್, ಇವು ಗುತ್ತೇದಾರನ ಕೈಯೇನ್ರೀ?"

"ರೊಕ್ಕ ಎಣಿಸಿ ಎಣಿಸಿ ಹಂಗಾಗ್ಯಾವ್ರೀ" ಎಂದ ಅಮರಗುಂಡಪ್ಪ, ಉದ್ದರಿಯನ್ನು ನೆನೆದು ಕಣ್ಣೊರೆಸಿಕೊಳ್ಳುತ್ತ.

"ಬಸ್!" ಎಂದು ಸಾಹೇಬರು ಮೇಜು ಬಡಿದರು. ಆಮೇಲೆ ಪೇಷ್ಕಾರನ ಜೊತೆ ಉರ್ದುವಿನಲ್ಲಿ ಒಂದಿಷ್ಟು ಮಾತಾಡಿ, ಬೆವರು ಒರೆಸಿಕೊಂಡರು. ಪೇಷ್ಕಾರ ಎದ್ದು ನಿಂತು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಿದ.

"ಕಾಯಿದೆ ಹೇಳೋದು ಇಷ್ಟು. ದೊಡ್ಡ ಗುತ್ತೇದಾರ ತನ್ನ ಕೆಲಸ ಸಣ್ಣ ಗುತ್ತೇದಾರಗ ಕೊಟ್ಟಾನ ಅನ್ರಿ. ಸಣ್ಣವನ ಆಳಿಗೆ ಪೆಟ್ಟಾದ್ರೂ ಕೇಳಿದಾಗ ದೊಡ್ಡವನೇ ಕೊಡಬೇಕು. ಸಣ್ಣವನ ಕಡೆ ಬಿಮಾ ಇಲ್ಲ ಅಂತ ಕೂಲಿಯವ ಸಾಯಂಗಿಲ್ಲ. ದೊಡ್ಡಬಸಪ್ಪ, ಯಂಕೋಬ ಗುತ್ತೇದಾರ ಆದ್ರೂ ನೀವೇ ಕೊಡಬೇಕು, ಕೂಲಿ ಆದ್ರೂ ನೀವೇ ಕೊಡಬೇಕು. ಮುಂಜಾನಿಂದ ನೀವೆಲ್ಲಾ ಯಾತಕ್ಕ ಬಡದಾಡಾಕತ್ತೀರಿ ಅಂತ ಸಾಹೇಬ್ರಿಗೆ ತಿಳೀವಲ್ದು."

ಶೇಕ್ಷಾವಲಿಯ ಕಾಲು ನೆಟ್ಟಗಾಗುವವರೆಗೆ ಅರ್ಧ ಕೂಲಿ, ಇಲ್ಲಿಯವರೆಗಿನದೂ ಸೇರಿ ಇವತ್ತೇ ಮೊದಲ ಕಂತು ಎಂದು ಹುಕುಮಾಯಿತು. ದೊಡ್ಡಬಸಪ್ಪನ ಕೈ ಹೊಟ್ಟೆಯಿಂದ ಜಾರಿತು. ಯಂಕೋಬನಿಗೆ ಸಂತೋಷವಾಯಿತು. ಆದರೆ ಅದರ ಬೆನ್ನಿಗೇ ಹೊಟ್ಟೆಯೂ ಉರಿಯಿತು. ಮಗಳ ಲಗ್ನವನ್ನು ಪಣಕ್ಕಿಟ್ಟು ಮಾಡಿದ ತ್ಯಾಗ ಬೇಕಾಗಿಯೇ ಇರಲಿಲ್ಲ ಎಂದರೆ ಎಂಥ ಹರಿಶ್ಚಂದ್ರನಿಗಾದರೂ ಸಿಟ್ಟು ಬರುತ್ತದೆ.

"ಹುಜೂರ್, ನಾ ಕೊಟ್ಟದ್ದನ್ನ ಆಮ್ಯಾಲ ಈ ಒಳಗುತ್ತಿಗಿಯವನ ಕಡಿಂದ ವಸೂಲು ಮಾಡ್ಕೋಬೌದಲ್ರೀ?" ಎಂದು ದೊಡ್ಡಬಸಪ್ಪ ಕೊನೆಯ ಹಗ್ಗ ಹಿಡಿದ.

"ಮಾಡ್ಕೋಬೌದು" ಎಂದರು ಸಾಹೇಬರು, ಈಗ ತಾವೇ ಕನ್ನಡದಲ್ಲಿ. "ಒಳಗುತ್ತಿಗಿ ಅಂತ ಅವನಿಗೆ ಏನು ಕೊಟ್ಟೀ?"

ದೊಡ್ಡಬಸಪ್ಪ ತಡವರಿಸಿದ. "ರುಮಾಲು ಕೊಟ್ಟೀನ್ರಿ."

"ಮತ್ತೇನು ಕೊಟ್ಟೀ?"

"ಎಲಿ ಅಡಿಕಿ."

"ಎಲಿ ಅಡಿಕಿ ಅವ ತಿಂದಿರಬೇಕು. ರುಮಾಲು ವಸೂಲು ಮಾಡ್ಕೋ."

ತುಂಬಿದ ಕಚೇರಿಯಲ್ಲಿ ಯಂಕೋಬ ರುಮಾಲು ಬಿಚ್ಚತೊಡಗಿದ. ಒಂದು ಸುತ್ತು, ಇನ್ನೊಂದು ಸುತ್ತು. ಕೊನೆಯ ಸುತ್ತಿನಿಂದ ಸುಣ್ಣದ ಪುಡಿ ಉದುರಿತು. ಆಮೇಲೆ ಅರ್ಧ ಸೇದಿದ ಬೀಡಿ ಬಿತ್ತು. ಆಮೇಲೆ, ಹರಕು ಸೀರೆಯ ತುಂಡು ಸುತ್ತಿ ಮಾಡಿದ, ಕಲ್ಲಿನ ಭಾರಕ್ಕೆ ಚಪ್ಪಟೆಯಾದ ಸಿಂಬಿ ಉರುಳುತ್ತ ಹೋಗಿ ಸಾಹೇಬರ ಮೇಜಿನ ಕಾಲಿಗೆ ತಾಗಿ ಮಲಗಿತು. ಅಮರಗುಂಡಪ್ಪ ಅದನ್ನೇ ಬಹಳ ಹೊತ್ತು ನೋಡಿದ. "ಬೆಲ್ಲ ಹೋತು" ಎಂದಷ್ಟೇ ಅಂದ.

ಸಿಂಬಿ ಎತ್ತಿಕೊಂಡು, ಬರಿತಲೆಯಲ್ಲಿ, ಯಾರ ಮುಖವನ್ನೂ ನೋಡದೆ ಯಂಕೋಬ ಪಡಸಾಲೆಗೆ ಬಂದ. ಅಲ್ಲಿ ಗೋಡೆಗೆ ಒರಗಿ, ಕಾಲ ಹೆಬ್ಬೆರಳಿಗೆ ಪಂಖಾದ ಹಗ್ಗ ಕಟ್ಟಿಕೊಂಡು, ಕಾಲನ್ನು ಮುಂದೆ ಹಿಂದೆ ಆಡಿಸುತ್ತ ಒಬ್ಬ ಕೂತಿದ್ದ. ಬಿಳಿ ಮೀಸೆ.

ಕಾಲು ನಿಂತಿತು. ಒಳಗಿನಿಂದ "ಪಂಖಾ!" ಎಂಬ ಗುಡುಗು ಬಂತು. ಕಾಲು ಮತ್ತೆ ಆಡಿತು.

"ಬೀಗ್ರ..." ಎಂದ ಯಂಕೋಬ.

"ಬೀಗ್ರ..." ಎಂದ ಲಾಲಪ್ಪ.

ಒಬ್ಬ ಹಗ್ಗವನ್ನು ನೋಡಿದ, ಇನ್ನೊಬ್ಬ ಸಿಂಬಿಯನ್ನು ನೋಡಿದ. ಲಾಲಪ್ಪನೇ ಮೊದಲು ಬಾಯಿ ಬಿಟ್ಟ. "ನಾ ಹೇಳಿದ್ನಲ್ರೀ, ನಾ ಇಲ್ದಿದ್ರ ಸಾಹೇಬ್ರು ಕುರ್ಚೀ ಮ್ಯಾಲ ಕುಂದ್ರಂಗಿಲ್ಲ ಅಂತ. ಸುಳ್ಳಾ?"

"ಸುಳ್ಳಲ್ಲ ಬಿಡ್ರಿ. ನಾನೂ ಹೇಳಿದ್ದೆ, ನಾ ಕೈ ಹಚ್ಚಲಿಲ್ಲ ಅಂದ್ರ ಕಲ್ಲು ಏರಂಗಿಲ್ಲ ಅಂತ."

"ಗುತ್ತೇದಾರ್ರ ಮನಿ ಹೆಣ್ಣು ನಮ್ಮ ಗುಡಿಸಲಾಗ ಹೆಂಗ ಇದ್ದಾಳು ಅಂತ ಎರಡು ತಿಂಗಳಿಂದ ನನಗ ನಿದ್ದಿ ಇಲ್ರೀ" ಎಂದ ಲಾಲಪ್ಪ. ಅವನ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಒಳಗೆ ಪಂಖಾ ಹುಚ್ಚು ಹಿಡಿದಂತೆ ಕುಣಿಯಿತು. "ಒಂದ್ ಸ್ವಲ್ಪ ಹಗ್ಗ ಹಿಡೀರಿ ಬೀಗ್ರ. ಕಾಲು ಮುರದಾಂವಗ, ಆ ತಾಯಿಗೆ ಒಂದ್ ಕೊಡ ನೀರು ಕೊಟ್ಟು ಬರ್ತೀನಿ" ಎಂದು ಹಗ್ಗವನ್ನು ಯಂಕೋಬನ ಕೈಗೆ ಕೊಟ್ಟು ಲಾಲಪ್ಪ ಬೇವಿನ ಗಿಡದ ಕಡೆ ಹೋದ.

ಜ್ಯೇಷ್ಠದಲ್ಲಿ ಪೀರಮ್ಮನ ಲಗ್ನ ಆಯಿತು. ದೊಡ್ಡಬಸಪ್ಪ ಅಕ್ಕಿಕಾಳು ಹಾಕಲು ಬರಲಿಲ್ಲ. ಅಮರಗುಂಡಪ್ಪನ ಉದ್ದರಿಗೆ ಯಂಕೋಬ ವಾರವಾರ ಅಂಗಡಿಯ ಮೂಟೆ ಇಳಿಸಿ ಕೊಡುವುದೆಂದು ಮಾತಾಯಿತು. ಹಾಗೆ ಒಂದು ದಿನ ತಲೆಯ ಮೇಲೆ ಮೂಟೆ ಹೊತ್ತು ಬಂದು ಕಟ್ಟೆಯ ಮೇಲೆ ಇಳಿಸುತ್ತಿದ್ದಾಗ ಅಲ್ಲಿ ಕೂತ ಮಂದಿ ಕೆಣಕಿದರು.

"ಏನ್ರೀ ಗುತ್ತೇದಾರ್ರ, ರುಮಾಲು ಅಗಸರ ಮನಿಗೆ ಹೋಗೈತೇನು?"

"ರುಮಾಲಿನ ಮಾತು ಬಿಡ್ರಲೇ" ಎಂದ ಯಂಕೋಬ. "ಆವತ್ತು ತಾಲೂಕದಾರ ಕಚೇರಿ ಒಂದ್ ತಾಸು ಪೂರಾ ನನ್ನ ಕೈಯಾಗಿತ್ತು, ಗೊತ್ತೇನು? ನಾ ಕೈ ಬಿಟ್ಟಿದ್ರ ಸಾಹೇಬ್ರು ಕುರ್ಚೀ ಬಿಟ್ಟು ಓಡತಿದ್ರು!"

ಕಟ್ಟೆ ಹೋ ಎಂದು ನಕ್ಕಿತು. "ಕೂಲಿ ಯಂಕ್ಯಾನ ಬಡಾಯಿ ಕೇಳ್ರಪ್ಪೋ!"

ಕಟ್ಟೆಯ ತುದಿಯಲ್ಲಿ ಬಡಿಗೆ ಊರಿಕೊಂಡು ಕೂತಿದ್ದ ಶೇಕ್ಷಾವಲಿ ನಗಲಿಲ್ಲ. ಇನ್ನೂ ಸ್ವಲ್ಪ ಸೊಟ್ಟಗಿದ್ದ ಬಲಗಾಲನ್ನು ಮುಂದೆ ಚಾಚಿ ಎಲ್ಲರಿಗೂ ಕಾಣುವಂತೆ ಇಟ್ಟ.

"ಕೂಲಿ ಅನಬ್ಯಾಡ್ರಿ ಅವನ್ನ. ಈ ಕಾಲಿನ ಗುತ್ತಿಗಿ ಅವಂದು. ತುಂಬಿದ ಕಚೇರ್ಯಾಗ ನಿಂತು ಮುಗಿಸಿ ಕೊಟ್ಟಾನ. ನನಗ ಅಂವ ಗುತ್ತೇದಾರನೇ."

ಕಟ್ಟೆಯ ನಗು ನಿಂತಿತು. ಯಂಕೋಬ ಗತ್ತಿನಿಂದ ರುಮಾಲು ಸರಿಮಾಡಿಕೊಳ್ಳಲು ತಲೆಗೆ ಕೈ ಹಾಕಿದ. ಅಲ್ಲಿ ಸಿಂಬಿ ಇತ್ತು. ಅದನ್ನೇ ಸರಿಮಾಡಿಕೊಂಡ.